ಬಸುರಿಗೆ ಒಂದು ಗ್ಲಾಸ್ ವೈನ್ ನಡೆಯುತ್ತದೆಯೇ? ಶಿವಮೊಗ್ಗದಿಂದ ಇಂಗ್ಲೆಂಡಿಗೆ ಹೊರಟವರಿಗೆ ಉತ್ತರ

ನೀವು ಕೇಳಿದ್ದು ಇಷ್ಟು. ಎಂಟು ವಾರ ತುಂಬಿದೆ, ಇನ್ನು ಮೂರು ವಾರಕ್ಕೆ ಶಿವಮೊಗ್ಗ ಬಿಟ್ಟು ಮ್ಯಾಂಚೆಸ್ಟರಿನಲ್ಲಿರುವ ಯಜಮಾನರ ಹತ್ತಿರ ಹೊರಟಿದ್ದೀರಿ. ಅವರ ಆಫೀಸಿನ ಹೆಂಗಸರು "ವಾರಕ್ಕೊಂದು ಗ್ಲಾಸ್ ವೈನ್ ಕುಡಿದರೆ ಏನೂ ಆಗಲ್ಲ, ನಮಗೆ ಮಿಡ್‌ವೈಫೇ ಹೇಳಿದ್ದರು" ಅಂತಾರೆ (ಮಿಡ್‌ವೈಫ್ ಅಂದರೆ ಬಸಿರು, ಹೆರಿಗೆ ನೋಡಿಕೊಳ್ಳುವ ತರಬೇತಿ ಪಡೆದ ಸೂಲಗಿತ್ತಿ). ದುರ್ಗಿಗುಡಿಯ ಡಾಕ್ಟರು "ಒಂದು ಹನಿಯೂ ಬೇಡ" ಅಂದಿದ್ದಾರೆ. ಇದರ ಮೇಲೆ, ಗರ್ಭ ನಿಂತದ್ದು ಗೊತ್ತಾಗುವ ಮೊದಲು, ಸುಮಾರು ನಾಲ್ಕನೇ ವಾರದಲ್ಲಿ, ಗೆಳತಿಯ ಮದುವೆ ಪಾರ್ಟಿಯಲ್ಲಿ ಎರಡು ಗ್ಲಾಸ್ ಕುಡಿದದ್ದು ತಲೆ ಕೊರೆಯುತ್ತಿದೆ.

ಕೊನೆಯದಕ್ಕೇ ಮೊದಲು ಉತ್ತರ, ನಿದ್ದೆ ಕೆಡಿಸುತ್ತಿರುವುದು ಅದು ತಾನೆ. ಬಸಿರಿನ ವಾರದ ಲೆಕ್ಕ ಶುರುವಾಗುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಹಾಗಾಗಿ ಲೆಕ್ಕದ ಮೊದಲೆರಡು ವಾರ ಹೊಟ್ಟೆಯಲ್ಲಿ ಏನೂ ಇರುವುದಿಲ್ಲ. ನಾಲ್ಕನೇ ವಾರ ಅಂದರೆ ಭ್ರೂಣ ಗರ್ಭಕೋಶದ ಗೋಡೆಗೆ ಆಗಷ್ಟೇ ಅಂಟಿಕೊಳ್ಳುವ ಹೊತ್ತು. ಬ್ರಿಟನ್ನಿನ ಮುಖ್ಯ ವೈದ್ಯಾಧಿಕಾರಿಗಳ 2016ರ ಮಾರ್ಗಸೂಚಿ ಕುಡಿಯದೇ ಇರುವುದೇ ಕ್ಷೇಮ ಎನ್ನುತ್ತದೆ. ಗರ್ಭಿಣಿ ಎಂದು ತಿಳಿಯುವ ಮೊದಲು ಸ್ವಲ್ಪ ಕುಡಿದಿದ್ದರೆ ಮಗುವಿಗೆ ಅಪಾಯ ಕಡಿಮೆಯೇ ಇರಬಹುದು ಎಂದೂ ಅದರಲ್ಲೇ ಬರೆದಿದೆ. ಎರಡು ಗ್ಲಾಸಿನ ಪರಿಣಾಮ ತೋರಿಸುವ ಸ್ಕ್ಯಾನಾಗಲಿ ರಕ್ತಪರೀಕ್ಷೆಯಾಗಲಿ ಇಲ್ಲ, ಅದಕ್ಕಾಗಿ ಲ್ಯಾಬಿನಿಂದ ಲ್ಯಾಬಿಗೆ ಅಲೆಯಬೇಡಿ. ಮಿಡ್‌ವೈಫ್ ಕೇಳಿದಾಗ ಇದ್ದದ್ದು ಇದ್ದ ಹಾಗೆ ಹೇಳಿ, ಅಲ್ಲಿಗೆ ಬಿಡಿ.

ಇನ್ನು ಆಫೀಸಿನ ಹೆಂಗಸರ ಮಾತು. ಅವರು ಸುಳ್ಳು ಹೇಳುತ್ತಿಲ್ಲ. ಅವರ ಹೆರಿಗೆ 2016ಕ್ಕೆ ಮುಂಚೆ ಆಗಿರಬೇಕು. ಆಗ ಇಲ್ಲಿ, ಇಂಗ್ಲೆಂಡಿನಲ್ಲಿ, ನಡೆಯುತ್ತಿದ್ದ 2008ರ ಸಲಹೆ ಹೀಗಿತ್ತು: ಮೊದಲ ಮೂರು ತಿಂಗಳು ಬೇಡ, ಆಮೇಲೂ ಕುಡಿಯಲೇಬೇಕು ಅನಿಸಿದರೆ ವಾರಕ್ಕೆ ಒಂದೆರಡು ಸಲ, ಒಂದೊಂದು ಸಲಕ್ಕೆ ಒಂದೆರಡು ಯೂನಿಟ್ (ಮದ್ಯ ಅಳೆಯುವ ಇಲ್ಲಿನ ಮಾಪ, ಲೆಕ್ಕ ಮುಂದೆ ಇದೆ) ಮೀರದಿರಲಿ. 2016ರಲ್ಲಿ ಅದನ್ನು ತೆಗೆದು, ಪೂರ್ತಿ ಬಿಡುವುದೇ ಕ್ಷೇಮ ಎಂದು ಬರೆದರು. ಈ ನಡುವೆ ಹೊಸ ಅಪಾಯವೇನೋ ಪತ್ತೆಯಾಗಿತ್ತು ಅಂದುಕೊಳ್ಳಬೇಡಿ. ಇಷ್ಟರವರೆಗೆ ಕುಡಿದರೆ ತೊಂದರೆಯಿಲ್ಲ ಎಂದು ಗೆರೆ ಎಳೆಯಲು ಯಾರ ಕೈಯಲ್ಲೂ ಪುರಾವೆ ಇರಲಿಲ್ಲ, ಈಗಲೂ ಇಲ್ಲ. ಜಗಳವೆಲ್ಲ ಇರುವುದು ಇಲ್ಲೇ.

ಹೆಚ್ಚು ಕುಡಿದರೆ ಏನಾಗುತ್ತದೆ ಎನ್ನುವುದರಲ್ಲಿ ಜಗಳವೇ ಇಲ್ಲ. 1968ರಲ್ಲಿ ಫ್ರಾನ್ಸಿನ ನಾಂತ್ ಊರಿನ ಮಕ್ಕಳ ವೈದ್ಯ ಪಾಲ್ ಲೆಮ್ವಾನ್ ವಿಪರೀತ ಕುಡಿಯುವ ತಂದೆತಾಯಿಯರ 127 ಮಕ್ಕಳ ಲಕ್ಷಣಗಳನ್ನು ದಾಖಲಿಸಿದರು. 1973ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಕೆನೆತ್ ಜೋನ್ಸ್, ಡೇವಿಡ್ ಸ್ಮಿತ್ ಅದಕ್ಕೆ ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಕುಗ್ಗಿದ ಬೆಳವಣಿಗೆ, ಚಿಕ್ಕ ತಲೆ, ತೆಳು ಮೇಲ್ದುಟಿ, ಮೂಗಿನಿಂದ ತುಟಿಗೆ ಇಳಿಯುವ ತೋಡು ಮಾಸಿದಂತಿರುವುದು, ಕಲಿಕೆಯ ತೊಂದರೆ: ಇವು ಆ ಮಕ್ಕಳಲ್ಲಿ ಕಂಡವು. ಕಾರಣವೂ ನೇರ. ಮದ್ಯಸಾರದ ಅಣು ಪುಟ್ಟದು, ಮಾಸು (ಪ್ಲಾಸೆಂಟಾ) ಅದನ್ನು ತಡೆಯುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಮಗುವಿನ ರಕ್ತದಲ್ಲೂ ತಾಯಿಯ ಮಟ್ಟಕ್ಕೆ ಹತ್ತಿರ ಬಂದು ನಿಲ್ಲುತ್ತದೆ. ಅದನ್ನು ಕರಗಿಸುವ ಕಿಣ್ವ ಮಗುವಿನ ಲಿವರಿನಲ್ಲಿ ತೀರಾ ಕಡಿಮೆ. ಮೂತ್ರವಾಗಿ ಗರ್ಭಜಲಕ್ಕೆ ಹೋದದ್ದನ್ನು ಮಗು ಮತ್ತೆ ನುಂಗುತ್ತದೆ. ಮುಖ ರೂಪುಗೊಳ್ಳುವುದು ಮೊದಲ ತಿಂಗಳುಗಳಲ್ಲಾದರೂ ಮಿದುಳು ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ. ಅದಕ್ಕೇ "ಮೂರು ತಿಂಗಳು ದಾಟಿದರೆ ಪರವಾಗಿಲ್ಲ" ಎನ್ನುವ ಮಾತಿಗೆ ಗಟ್ಟಿ ಬುಡವಿಲ್ಲ.

ಜಗಳ ಇರುವುದು ವಾರಕ್ಕೆ ಒಂದೆರಡು ಗ್ಲಾಸಿನ ಬಗ್ಗೆ. 2012ರಲ್ಲಿ ಡೆನ್ಮಾರ್ಕಿನವರು 1,628 ತಾಯಂದಿರ ಮಕ್ಕಳನ್ನು ಐದನೇ ವಯಸ್ಸಿನಲ್ಲಿ ಪರೀಕ್ಷಿಸಿದರು. ವಾರಕ್ಕೆ ಒಂದರಿಂದ ನಾಲ್ಕು ಡ್ರಿಂಕ್ ಕುಡಿದವರ ಮಕ್ಕಳ ಬುದ್ಧಿಮತ್ತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಬ್ರಿಟನ್ನಿನ ಮಿಲೇನಿಯಂ ಮಕ್ಕಳ ಅಧ್ಯಯನದಲ್ಲಿ ಹಗುರವಾಗಿ ಕುಡಿದವರ ಮಕ್ಕಳು ಕುಡಿಯದವರ ಮಕ್ಕಳಿಗಿಂತ ಹಿಂದೆ ಬಿದ್ದಿರಲಿಲ್ಲ, ಕೆಲವು ಪರೀಕ್ಷೆಗಳಲ್ಲಿ ಒಂದು ಕೈ ಮುಂದೆಯೇ ಇದ್ದರು. ಪತ್ರಿಕೆಗಳು ಇದನ್ನೇ ಎತ್ತಿ ಬರೆದವು. ವೈನಿನಿಂದ ಮಗು ಚುರುಕಾಯಿತೇ? ಇಲ್ಲ. ಇಲ್ಲಿ ಬಸುರಿನಲ್ಲಿ ಅಳೆದು ಒಂದು ಗ್ಲಾಸ್ ವೈನ್ ಕುಡಿಯುವವರು ಹೆಚ್ಚಾಗಿ ಓದಿದವರು, ಅನುಕೂಲಸ್ಥರು, ಮನೆ ತುಂಬ ಪುಸ್ತಕ ಇರುವವರು. ಕುಡಿಯದವರ ಗುಂಪಿನಲ್ಲಿ ಬಡವರು, ಕಾಯಿಲೆಯಿಂದ ಬಿಟ್ಟವರು ಹೆಚ್ಚು. ಹಣ ಮತ್ತು ಓದಿನ ಲಾಭ ಗ್ಲಾಸಿನ ಲೆಕ್ಕಕ್ಕೆ ಜಮೆಯಾಗಿಬಿಡುತ್ತದೆ, ಸಂಖ್ಯಾಶಾಸ್ತ್ರದಿಂದ ಅದನ್ನು ಪೂರ್ತಿ ತೊಳೆಯಲು ಆಗುವುದಿಲ್ಲ.

ಈ ಕಗ್ಗಂಟು ಬಿಡಿಸಲು ಬ್ರಿಸ್ಟಲ್ ಸುತ್ತಲಿನ 4 ಸಾವಿರಕ್ಕೂ ಹೆಚ್ಚು ಮಕ್ಕಳ ವಂಶವಾಹಿ ನೋಡಿದ ಅಧ್ಯಯನವೊಂದು ಅದೇ 2012ರಲ್ಲಿ ಬಂತು. ಮದ್ಯವನ್ನು ನಿಧಾನವಾಗಿ ಕರಗಿಸುವ ಗುಣ ಹುಟ್ಟಿನಿಂದ ಬರುವಂಥದ್ದು, ಸಂಬಳ ನೋಡಿ ಬರುವುದಿಲ್ಲ. ತಾಯಿ ವಾರಕ್ಕೆ ಆರು ಯೂನಿಟ್ ಒಳಗೆ ಕುಡಿದಿದ್ದರೆ, ಅಂಥ ಗುಣವಿರುವ ಮಕ್ಕಳ ಬುದ್ಧಿಮತ್ತೆಯ ಅಂಕ ಎಂಟನೇ ವಯಸ್ಸಿನಲ್ಲಿ ಕೊಂಚ ಕಡಿಮೆ ಇತ್ತು. ತಾಯಿ ಕುಡಿಯದಿದ್ದ ಕಡೆ ಆ ವ್ಯತ್ಯಾಸ ಇರಲಿಲ್ಲ. ಇಡೀ ವಾದದಲ್ಲಿ ನನಗೆ ಹೆಚ್ಚು ತೂಕದ್ದಾಗಿ ಕಾಣುವುದು ಇದು. 2017ರಲ್ಲಿ ಬ್ರಿಸ್ಟಲ್ಲಿನವರೇ ವಾರಕ್ಕೆ ನಾಲ್ಕು ಯೂನಿಟ್‌ವರೆಗಿನ ಕುಡಿತದ ಬಗ್ಗೆ ಜಗತ್ತಿನಾದ್ಯಂತ ಹುಡುಕಿದರೆ ಲೆಕ್ಕಕ್ಕೆ ಸಿಕ್ಕ ಅಧ್ಯಯನಗಳು 26 ಮಾತ್ರ. ಚಿಕ್ಕ ಗಾತ್ರದ ಮಗು ಹುಟ್ಟುವ ಸಾಧ್ಯತೆ ಶೇ 8ರಷ್ಟು ಹೆಚ್ಚು ಕಂಡಿತು, ಉಳಿದದ್ದಕ್ಕೆ ಪುರಾವೆ ಸಾಲದು ಅಂದರು. ಆಗುತ್ತದೆ ಎನ್ನಲೂ ಆಗದು, ಆಗುವುದಿಲ್ಲ ಎನ್ನಲೂ ಆಗದು. ಒಂಬತ್ತು ತಿಂಗಳು ಬಿಟ್ಟರೆ ಏನೂ ನಷ್ಟವಿಲ್ಲದ ವಸ್ತುವಿಗೆ ಇಷ್ಟು ಅನುಮಾನ ಸಾಕು. ದುರ್ಗಿಗುಡಿಯ ಡಾಕ್ಟರ ಮಾತೇ ಸರಿ. ಆದರೆ ಆ ಮಾತನ್ನು ಹಿಡಿದು ಕುಡಿದು ಮುಗಿದ ಎರಡು ಗ್ಲಾಸಿಗೆ ಅಳುತ್ತ ಕೂರುವುದು ಸರಿಯಲ್ಲ.

"ಸ್ವಲ್ಪ" ಎನ್ನುವುದು ಎಷ್ಟು ಜಾರುವ ಅಳತೆ ಎಂದು ಗೊತ್ತಾಗಲು ಯೂನಿಟ್ ಲೆಕ್ಕ ಕಲಿತುಕೊಳ್ಳಿ, ಇಲ್ಲಿ ಆಸ್ಪತ್ರೆಯಲ್ಲಿ ಕೇಳುವುದೂ ಅದರಲ್ಲೇ. ಒಂದು ಯೂನಿಟ್ ಅಂದರೆ 10 ಮಿಲಿ, ಅಂದರೆ 8 ಗ್ರಾಂ ಶುದ್ಧ ಮದ್ಯಸಾರ. ಎಷ್ಟು ಮಿಲಿ ಇದೆಯೋ ಅದನ್ನು ಬಾಟಲಿಯ ಮೇಲಿನ ಶೇಕಡಾ ಅಂಕಿಯಿಂದ ಗುಣಿಸಿ, ಸಾವಿರದಿಂದ ಭಾಗಿಸಿ. ಶೇ 13ರ ವೈನ್ 175 ಮಿಲಿ ಅಂದರೆ 2.3 ಯೂನಿಟ್. ಪಬ್ಬಿನ ದೊಡ್ಡ ಗ್ಲಾಸ್ 250 ಮಿಲಿ, ಅದು 3.25. ಶೇ 5ರ ಬಿಯರ್ ಒಂದು ಪೈಂಟ್, ಅಂದರೆ 568 ಮಿಲಿ, 2.8. ನಮ್ಮೂರಿನ ಲೆಕ್ಕಕ್ಕೆ ತಂದರೆ ಶೇ 42.8ರ ವಿಸ್ಕಿ 60 ಮಿಲಿ ಪೆಗ್ 2.6 ಆಗುತ್ತದೆ, ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿಲಿ ಬಾಟಲಿ 5.2. ಹಳೆಯ ಸಲಹೆಯ "ಒಂದೆರಡು ಯೂನಿಟ್" ಒಂದೇ ಗ್ಲಾಸಿಗೆ ದಾಟಿಹೋಗುತ್ತಿತ್ತು, ಕುಡಿದವರಿಗೆ ಅದು ಗೊತ್ತೇ ಇರುತ್ತಿರಲಿಲ್ಲ. ದೇಶ ಬದಲಾದರೆ ಅಳತೆಯೂ ಬೇರೆ: ಅಮೆರಿಕದ ಒಂದು ಡ್ರಿಂಕ್ 14 ಗ್ರಾಂ, ಆಸ್ಟ್ರೇಲಿಯಾದ್ದು 10, ಡೆನ್ಮಾರ್ಕಿನದು 12. ಅಲ್ಲಿನ ಲೇಖನ ಓದಿ ಇಲ್ಲಿ ಗ್ಲಾಸ್ ತುಂಬಿಸಿಕೊಂಡರೆ ಲೆಕ್ಕ ತಪ್ಪುತ್ತದೆ. ಒಮ್ಮೆಗೇ ಹೆಚ್ಚು ಕುಡಿದರೆ ರಕ್ತದಲ್ಲಿ ಮಟ್ಟ ಏರುವುದರಿಂದ ವಾರದ ಆರು ಯೂನಿಟ್ ಒಂದೇ ರಾತ್ರಿಗೆ ಬಂದರೆ ಅದು ಹಗುರ ಕುಡಿತ ಅನಿಸಿಕೊಳ್ಳುವುದಿಲ್ಲ.

ಹೊಸಬರು ಇಲ್ಲಿ ಎಡವುವುದು ಗೊತ್ತಿಲ್ಲದೆ ಒಳಗೆ ಹೋಗುವ ಮದ್ಯದಲ್ಲಿ. ಸೈಡರ್ ಅಂದರೆ ಅಮೆರಿಕದಲ್ಲಿ ಸೇಬಿನ ರಸ, ಇಂಗ್ಲೆಂಡಿನಲ್ಲಿ ಶೇ 4-5ರ ಮದ್ಯ. ಆಪಲ್ ಜ್ಯೂಸ್ ಎಂದುಕೊಂಡು ಎತ್ತಿಕೊಳ್ಳುವವರು ಇದ್ದಾರೆ. ಜಿಂಜರ್ ಬಿಯರ್ ಹೆಚ್ಚಾಗಿ ಬರೀ ಶುಂಠಿ ಸೋಡಾ, ಆದರೆ ಮದ್ಯ ಇರುವುದೂ ಅದೇ ಹೆಸರಿನಲ್ಲಿ ಸಿಗುತ್ತದೆ. ಬಾಟಲಿ ತಿರುಗಿಸಿ ಎಬಿವಿ (ಮದ್ಯಸಾರದ ಶೇಕಡಾ ಪ್ರಮಾಣ) ಎನ್ನುವ ಅಕ್ಷರಗಳ ಪಕ್ಕದ ಅಂಕಿ ನೋಡಿ. "ಆಲ್ಕೋಹಾಲ್ ಫ್ರೀ" ಬಿಯರಿನಲ್ಲಿ ಶೇ 0.5ರವರೆಗೆ ಇರಬಹುದು. ಒಂದು ಬಾಟಲಿಗೆ ಅದು 0.2 ಯೂನಿಟ್ ಸಹ ಆಗದು, ಆದರೂ ಪೂರ್ತಿ ಬೇಡ ಅನ್ನುವವರು 0.0 ಎಂದು ಬರೆದದ್ದನ್ನು ಆರಿಸಲಿ. ಸಿಹಿತಿಂಡಿಯಲ್ಲಿ ತಿರಮಿಸು, ಶೆರ್ರಿ ಹಾಕಿದ ಟ್ರೈಫಲ್, ಕ್ರಿಸ್‌ಮಸ್ ಪುಡಿಂಗ್ ಕೇಳಿ ತಿನ್ನಬೇಕಾದವು. ಬ್ರಾಂದಿ ಸುರಿದು ಬೆಂಕಿ ಹೊತ್ತಿಸಿದರೆ ಮದ್ಯ ಸುಟ್ಟುಹೋಯಿತು ಎನ್ನುವುದು ಕಣ್ಕಟ್ಟು, ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ ಮುಕ್ಕಾಲು ಪಾಲು ಉಳಿದೇ ಇರುತ್ತದೆ. ಸಾಸಿನಲ್ಲಿ ಹಾಕಿ ಹದಿನೈದು ನಿಮಿಷ ಕುದಿಸಿದರೆ ಶೇ 40, ಎರಡೂವರೆ ಗಂಟೆ ಕುದಿಸಿದರೆ ಶೇ 5. ಕೇಕಿಗೆ ಹಾಕುವ ಅರ್ಧ ಚಮಚ ವೆನಿಲಾ ಎಸೆನ್ಸಿಗೆಲ್ಲ ತಲೆ ಕೆಡಿಸಿಕೊಳ್ಳಬೇಡಿ.

ಪಬ್ಬಿಗೆ ಹೋಗಬೇಕಾಗಿ ಬಂದರೆ, ವಿಷಯ ಇನ್ನೂ ಯಾರಿಗೂ ಹೇಳಿಲ್ಲವಾದರೆ, ಗಿಡ್ಡ ಗ್ಲಾಸಿನಲ್ಲಿ ಐಸ್ ಹಾಕಿಸಿ ಸೋಡಾ ಮತ್ತು ಲೈಮ್ ತೆಗೆದುಕೊಳ್ಳಿ. ಅದು ಏನೆಂದು ಯಾರಿಗೂ ತಿಳಿಯುವುದಿಲ್ಲ. ಇಲ್ಲಿ ಒಬ್ಬೊಬ್ಬರು ಸರದಿಯಂತೆ ಎಲ್ಲರಿಗೂ ತಂದುಕೊಡುವ ಪದ್ಧತಿ ಇದೆ, ನಿಮ್ಮದನ್ನು ನೀವೇ ಕೌಂಟರಿಗೆ ಹೋಗಿ ತನ್ನಿ. ಕೇಳಿದರೆ "ನಾನೇ ಗಾಡಿ ಓಡಿಸಬೇಕು" ಅನ್ನಿ, ಮುಂದೆ ಒತ್ತಾಯಿಸುವವರಿಲ್ಲ.

ಈಗ ಸೂಟ್‌ಕೇಸಿನ ಮಾತು. ವೈನನ್ನು ಮೂಸಿಯೂ ನೋಡದ ಮನೆಗಳಿಂದ ಮದ್ಯ ಬರುವ ದಾರಿಯೇ ಇದು. ಅರಿಷ್ಟ, ಆಸವ ಎಂದು ಹೆಸರಿನ ಕೊನೆಯಲ್ಲಿ ಇರುವ ಔಷಧಿಯೆಲ್ಲ ಹುಳಿ ಬರಿಸಿ ಮಾಡಿದ್ದು. ಕಷಾಯಕ್ಕೆ ಬೆಲ್ಲ, ಧಾತಕಿ ಹೂವು ಸೇರಿಸಿ ಬಾಯಿ ಕಟ್ಟಿ ತಿಂಗಳಗಟ್ಟಲೆ ಇಡುತ್ತಾರೆ, ಒಳಗೇ ಮದ್ಯಸಾರ ಹುಟ್ಟುತ್ತದೆ. ಬಾಟಲಿ ಮೇಲೆ ಸಣ್ಣ ಅಕ್ಷರದಲ್ಲಿ ಸ್ವಯಂಜನ್ಯ ಮದ್ಯಸಾರ ಇಷ್ಟು ಎಂದು ಬರೆದಿರುತ್ತದೆ, ಹೆಚ್ಚಾಗಿ ಶೇ 5ರಿಂದ 10ರ ನಡುವೆ. ಶೇ 10 ಇದ್ದರೆ 30 ಮಿಲಿಯಂತೆ ದಿನಕ್ಕೆರಡು ಸಲ ಕುಡಿದಾಗ 0.6 ಯೂನಿಟ್, ವಾರಕ್ಕೆ ನಾಲ್ಕರ ಮೇಲೆ. ಆಫೀಸಿನ ಹೆಂಗಸರ ವೈನಿಗಿಂತ ಇದೇನೂ ಕಡಿಮೆಯಲ್ಲ! ಕುಮಾರ್ಯಾಸವ ಬಸುರಿಗೆ ಬೇಡ ಎಂದು ಆಯುರ್ವೇದದವರೇ ಹೇಳುತ್ತಾರೆ. ಉಳಿದವನ್ನೂ ಮಿಡ್‌ವೈಫಿಗಾಗಲಿ ಫಾರ್ಮಸಿಯಲ್ಲಾಗಲಿ ತೋರಿಸದೆ ತೆಗೆದುಕೊಳ್ಳಬೇಡಿ. ಜೀರಿಗೆ-ಕೊತ್ತಂಬರಿ ಕಷಾಯ ಬೇರೆ ವಿಷಯ, ಅದು ಬರೀ ಕುದಿಸಿದ್ದು, ಅದರಲ್ಲಿ ಮದ್ಯವಿಲ್ಲ. ರಸ್ತೆ ಬದಿಯ ಹೋಂ ಮೇಡ್ ವೈನ್, "ತಂಪು" ಎಂದು ಕೆಲವರು ಹೇಳುವ ಬೈನೆ ಕಳ್ಳು, ಎರಡಕ್ಕೂ ಲೇಬಲ್ ಇಲ್ಲ, ಶೇಕಡಾ ಎಷ್ಟೆಂದು ತಿಳಿಯುವ ದಾರಿಯೂ ಇಲ್ಲ. ಕಳ್ಳು ಮರದಿಂದ ಇಳಿಸುವಾಗಲೇ ಹುಳಿಯಲು ಶುರುವಾಗಿರುತ್ತದೆ. ಬದಲಿಗೆ ಒಣಗಿಸಿದ ಮುರುಗಲು ಸಿಪ್ಪೆ ಕಟ್ಟಿಕೊಳ್ಳಿ, ವಾಕರಿಕೆ ಇರುವಾಗ ನೀರಿನಲ್ಲಿ ನೆನೆಸಿ ಕುಡಿಯಲು ಚೆನ್ನ.

ದಶಮೂಲಾರಿಷ್ಟ ಬರುವುದು ಬಾಣಂತನಕ್ಕೆ. ಅಮ್ಮ ಬರುವಾಗ ತಂದೇ ತರುತ್ತಾರೆ, ಕೆಲವು ಮನೆಗಳಲ್ಲಿ ಜೊತೆಗೆ ಬ್ರಾಂದಿಯೂ. ಹಾಲೂಡಿಸುವಾಗ ಇಲ್ಲಿನ ಸಲಹೆ ಅಷ್ಟು ಬಿಗಿ ಇಲ್ಲ: ವಾರಕ್ಕೆ ಒಂದೆರಡು ಸಲ ಒಂದೆರಡು ಯೂನಿಟ್‌ನಿಂದ ಮಗುವಿಗೆ ತೊಂದರೆ ಆಗಲಿಕ್ಕಿಲ್ಲ, ಒಂದು ಡ್ರಿಂಕ್ ಆದರೆ ಎರಡು-ಮೂರು ಗಂಟೆ ಬಿಟ್ಟು ಹಾಲು ಕೊಡಿ ಅನ್ನುತ್ತಾರೆ. ಹಾಲು ಹಿಂಡಿ ಚೆಲ್ಲಿದರೆ ಬೇಗ ಶುದ್ಧವಾಗುತ್ತದೆ ಎನ್ನುವುದು ತಪ್ಪು, ರಕ್ತದಲ್ಲಿ ಇರುವವರೆಗೆ ಹಾಲಿನಲ್ಲೂ ಇರುತ್ತದೆ. ಬ್ರಾಂದಿ ಕುಡಿದ ರಾತ್ರಿ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಲೇಬಾರದು. ಅಮ್ಮನಿಗೆ ಇದನ್ನು ಫೋನಿನಲ್ಲೇ, ಅವರು ಹೊರಡುವ ಮೊದಲೇ ಹೇಳಿಬಿಡಿ.

ಮೊದಲ ಭೇಟಿಯಲ್ಲಿ ಮಿಡ್‌ವೈಫ್ ಎಲ್ಲ ಬಸುರಿಯರಿಗೂ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: ಎಷ್ಟು ದಿನಕ್ಕೊಮ್ಮೆ ಕುಡಿಯುತ್ತಿದ್ದಿರಿ, ಕುಡಿದ ದಿನ ಎಷ್ಟು ಯೂನಿಟ್, ಒಮ್ಮೆಗೇ ಆರು ಯೂನಿಟ್ ಅಥವಾ ಅದಕ್ಕಿಂತ ಹೆಚ್ಚು ಕುಡಿದದ್ದುಂಟೇ. ಅತ್ತೆ ಪಕ್ಕದಲ್ಲಿದ್ದರೆ ಸುಳ್ಳು ಹೇಳುವ ಮನಸ್ಸಾಗುತ್ತದೆ. ಒಬ್ಬರೇ ಮಾತಾಡಬೇಕು ಎಂದು ಕೇಳಿಕೊಳ್ಳಬಹುದು. ಇಂಗ್ಲಿಷ್ ತೊಡಕಾದರೆ ಮೊದಲೇ ಹೇಳಿಟ್ಟು ಕನ್ನಡ ದುಭಾಷಿ ಬೇಕೆಂದು ಕೇಳಿ, ಅದಕ್ಕೆ ದುಡ್ಡಿಲ್ಲ. ದಿನಾ ಕುಡಿಯುವ ಅಭ್ಯಾಸ ಇರುವ ಯಾರಾದರೂ ಇದನ್ನು ಓದುತ್ತಿದ್ದರೆ, ಒಮ್ಮೆಗೇ ನಿಲ್ಲಿಸಬೇಡಿ, ಫಿಟ್ಸ್ ಬರುವ ಅಪಾಯವಿದೆ. ಡಾಕ್ಟರ ನಿಗಾದಲ್ಲಿ ಬಿಡಬೇಕು.

ನಿಮ್ಮ ಲೆಕ್ಕದಲ್ಲಿ ಬಂದಿಳಿಯುವಾಗ ಹನ್ನೊಂದು ವಾರ. ಇಲ್ಲಿ ಮೊದಲ ಭೇಟಿ ಹತ್ತು ವಾರದೊಳಗೆ ಆಗಲಿ ಅನ್ನುತ್ತಾರೆ, ಎಷ್ಟು ವಾರ ತುಂಬಿದೆ ಎಂದು ಅಳೆಯುವ ಡೇಟಿಂಗ್ ಸ್ಕ್ಯಾನ್ ಹದಿನಾಲ್ಕು ವಾರದ ಹೊತ್ತಿಗೆ ಮುಗಿಯಬೇಕು. ಹಾಗಾಗಿ ಯಜಮಾನರು ಹತ್ತಿರದ ಆಸ್ಪತ್ರೆಯ ಹೆರಿಗೆ ವಿಭಾಗದ ನೋಂದಣಿ ಫಾರಂ ಈಗಲೇ ಹುಡುಕಿಟ್ಟುಕೊಳ್ಳಲಿ. ನೀವು ಬಂದ ವಾರದಲ್ಲೇ ಜಿಪಿ (ಬಡಾವಣೆಯ ಸಾಮಾನ್ಯ ವೈದ್ಯರು) ನೋಂದಣಿಯ ಜೊತೆಗೆ ಅದನ್ನೂ ತುಂಬಿ. ಕೊನೆಯ ಮುಟ್ಟಿನ ದಿನಾಂಕ ಕೇಳುತ್ತಾರೆ. ತಾಯಿ ಕಾರ್ಡ್, ಸ್ಕ್ಯಾನ್ ಮತ್ತು ರಕ್ತಪರೀಕ್ಷೆಯ ರಿಪೋರ್ಟುಗಳು ಕೈಚೀಲದಲ್ಲೇ ಇರಲಿ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಹನ್ನೆರಡು ವಾರದವರೆಗೆ ತಪ್ಪಿಸಬೇಡಿ. ಡಾಕ್ಟರು ಹೆಚ್ಚಿನ ಡೋಸ್ ಬರೆದಿದ್ದರೆ ಅದನ್ನೇ ಮುಂದುವರಿಸಿ, ಚೀಟಿಯನ್ನೂ ತನ್ನಿ.