ಗಾಡಿ ಖರೇನ ಹುಗದಿತ್ತೇನ್ರಿ?

ಓದುಗರ ಪತ್ರ: ಮುಧೋಳ ತಾಲೂಕಿನ ಕಬ್ಬು ಬೆಳೆಗಾರರೊಬ್ಬರು ಹೀಗೆ ಬರೆದಿದ್ದಾರೆ. "ನಮ್ಮ ಮಗ ರಾತ್ರಿ ಊಟಾ ಮರತು ಟಿವಿಯೊಳಗ ಆಫ್‌ರೋಡ್ ಕಾರ್ಯಕ್ರಮ ನೋಡ್ತಾನ. ಜೀಪು ಕೆಸರಿನಾಗ ಹುಗೀತಾವ, ಹಳ್ಳದಾಗ ತೇಲ್ತಾವ, ಕಡೀ ಗಳಿಗ್ಯಾಗ ಪಾರಾಗ್ತಾವ. ನಾ ಅಂತೀನಿ ಇದೆಲ್ಲಾ ಬರದಿಟ್ಟ ನಾಟಕ. ಅವ ಅಂತಾನ ಎಲ್ಲಾ ಖರೇ. ಈಗ ಥಾರ್ ಜೀಪ ಕೊಡಸ್ರಿ ಅಂತ ಗಂಟ ಬಿದ್ದಾನ. ಘಟಪ್ರಭಾ ತುಂಬಿದಾಗ ಯಾದವಾಡ ಸೇತುವೆ ದಾಟಿ ವಿಡಿಯೊ ಮಾಡ್ತಾನಂತ. ಇವು ಖರೇ ಏನ್ರಿ, ಸುಳ್ಳ ಏನ್ರಿ? ನೋಡೂದಾದ್ರ ಯಾವುದನ್ನ ನೋಡಬೇಕು?"

ಸಂಪಾದಕರ ಉತ್ತರ:

ನಮಸ್ಕಾರ್ರಿ. ಅಪ್ಪ-ಮಗನ ಜಗಳಕ್ಕೆ ನನ್ನನ್ನು ಪಂಚನನ್ನಾಗಿ ಕೂರಿಸಿದ್ದೀರಿ. ಥಾರ್ ಕೊಡಿಸುವುದು ಬಿಡುವುದು ನಿಮ್ಮ ಮನೆಯ ಲೆಕ್ಕ, ಅದಕ್ಕೆ ನಾನು ಕೈ ಹಾಕುವುದಿಲ್ಲ. ಉಳಿದದ್ದಕ್ಕೆ ಉತ್ತರ ಕೊಡುತ್ತೇನೆ. ಸ್ವಲ್ಪ ಉದ್ದವಾದೀತು, ಏಕೆಂದರೆ ಇದೇ ಪ್ರಶ್ನೆಯನ್ನು ಬೆಳಗಾವಿಯಲ್ಲಿ ನಮ್ಮ ಕಚೇರಿಗೆ ಬರುವ ಹುಡುಗರೂ ಕೇಳುತ್ತಿರುತ್ತಾರೆ.

ಮೊದಲು ಮಗನ ಕಡೆಗೆ ಮಾತಾಡುತ್ತೇನೆ. ಕೆಸರು ಖರೇ. ಕೆಸರಿಗೆ ನಟನೆ ಗೊತ್ತಿಲ್ಲ. ಒಂದೂವರೆ ಟನ್ನಿಗಿಂತ ಜಾಸ್ತಿ ತೂಕದ ಗಾಡಿ ಆ್ಯಕ್ಸಲ್‌ವರೆಗೆ ಹುಗಿದು ಕೂತರೆ, ಕ್ಯಾಮೆರಾ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಅದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಕಬ್ಬಿನ ಸೀಜನ್ನಿನಲ್ಲಿ ಅಕಾಲದ ಮಳೆ ಬಿದ್ದ ಮರುದಿನ ಎರಿ ಹೊಲದಿಂದ ಎರಡು ಟ್ರೇಲರ್ ಹೊರಗೆ ತರುವ ಕಷ್ಟ ಏನೆಂದು ನಿಮಗಿಂತ ಚೆನ್ನಾಗಿ ಯಾವ ಟಿವಿಗೆ ಗೊತ್ತು?

ಇನ್ನು ನಿಮ್ಮ ಕಡೆಗೆ. ನಾಟಕ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನೀವು ಹುಡುಕುತ್ತಿರುವ ಜಾಗದಲ್ಲಿ ಅಲ್ಲ. ನೀವು ಗಾಡಿಯ ಮೇಲೆ ಸಂಶಯ ಪಡುತ್ತೀರಿ. ಸಂಶಯ ಪಡಬೇಕಾದದ್ದು ಗಡಿಯಾರದ ಮೇಲೆ, ಮತ್ತೆ ಕ್ಯಾಮೆರಾ ಹಿಂದೆ ನಿಂತವರ ಮೇಲೆ.

ಒಂದು ಉದಾಹರಣೆ ಕೊಡುತ್ತೇನೆ. ಹಿಸ್ಟರಿ ಚಾನೆಲ್‌ನಲ್ಲಿ 2007ರಲ್ಲಿ 'ಐಸ್ ರೋಡ್ ಟ್ರಕರ್ಸ್' ಅನ್ನುವ ಕಾರ್ಯಕ್ರಮ ಶುರುವಾಯಿತು. ಕೆನಡಾದ ಯೆಲ್ಲೋನೈಫ್ ಕಡೆ ಚಳಿಗಾಲದಲ್ಲಿ ಕೆರೆಗಳು ಹೆಪ್ಪುಗಟ್ಟುತ್ತವೆ. ಆ ಮಂಜುಗಡ್ಡೆಯ ಮೇಲೇ ರಸ್ತೆ ಮಾಡಿ ವಜ್ರದ ಗಣಿಗಳಿಗೆ ಸಾಮಾನು ಸಾಗಿಸುತ್ತಾರೆ. ರಸ್ತೆ ವರ್ಷಕ್ಕೆ ಎರಡು ತಿಂಗಳ ಆಸುಪಾಸು ಮಾತ್ರ ಇರುತ್ತದೆ. ಇಷ್ಟೂ ಖರೇ. ಕಾರ್ಯಕ್ರಮದಲ್ಲಿ ಮಾತ್ರ ಯಾವ ಡ್ರೈವರ್ ಎಷ್ಟು ಲೋಡ್ ಹೊಡೆದ ಅಂತ ಲೆಕ್ಕ ತೋರಿಸುತ್ತಾ, ಅದನ್ನು ಒಂದು ಪಂದ್ಯ ಮಾಡಿಬಿಟ್ಟರು. ನೋಡುವವರಿಗೆ ಅನಿಸುವುದು ಏನೆಂದರೆ, ಇವರು ಜೀವ ಕೈಯಲ್ಲಿ ಹಿಡಿದು ಓಡಿಸುತ್ತಿದ್ದಾರೆ ಅಂತ. ನಿಜವಾಗಿ ಆ ರಸ್ತೆಯಲ್ಲಿ ಲೋಡ್ ಇರುವ ಟ್ರಕ್ಕಿಗೆ ವೇಗದ ಮಿತಿ ಗಂಟೆಗೆ 25 ಕಿಲೋಮೀಟರ್. ನಮ್ಮ ಕಬ್ಬಿನ ಟ್ರ್ಯಾಕ್ಟರ್ ಅದಕ್ಕಿಂತ ತೀರಾ ಹಿಂದೆ ಬೀಳುವುದಿಲ್ಲ, ಅಲ್ವಾ?

ಮಿತಿ ಇರುವ ಕಾರಣ ಕೇಳಿ, ಅದು ಕಾರ್ಯಕ್ರಮಕ್ಕಿಂತ ಚೆನ್ನಾಗಿದೆ. ಭಾರದ ಟ್ರಕ್ ಹೋಗುವಾಗ ಗಡ್ಡೆ ಸ್ವಲ್ಪ ಕೆಳಗೆ ಬಾಗುತ್ತದೆ. ಅದರ ಅಡಿಯ ನೀರಿನಲ್ಲಿ ತೆರೆ ಏಳುತ್ತದೆ. ಟ್ರಕ್ ಜೋರಾಗಿ ಹೋದರೆ ಆ ತೆರೆ ಬೆಳೆದು, ದಂಡೆಯ ಹತ್ತಿರ ಕೆಳಗಿನಿಂದ ಗಡ್ಡೆಯನ್ನು ಒಡೆಯಬಹುದು. ಹೀಗಾಗಿ ಅಲ್ಲಿ ಜಾಣ ಡ್ರೈವರ್ ಅಂದರೆ ತಾಸುಗಟ್ಟಲೆ ಬೇಸರ ತಡೆದುಕೊಂಡು ನಿಧಾನವಾಗಿ ಹೋಗುವವನು. ಆದರೆ ಅದನ್ನು ಹಾಗೇ ತೋರಿಸಿದರೆ ನಿಮ್ಮ ಮಗ ಊಟಕ್ಕೆ ಸರಿಯಾದ ಹೊತ್ತಿಗೆ ಏಳುತ್ತಿದ್ದ.

ಇದೇ ಕಾರ್ಯಕ್ರಮದ ಇನ್ನೊಂದು ಕೊಂಬೆ 2010ರಲ್ಲಿ ನಮ್ಮ ದೇಶಕ್ಕೇ ಬಂತು. ಅಮೆರಿಕ, ಕೆನಡಾದ ಡ್ರೈವರುಗಳನ್ನು ಕರೆತಂದು ಹಿಮಾಚಲದ ಘಾಟಿಗಳಲ್ಲಿ ನಮ್ಮ ಲಾರಿ ಕೊಟ್ಟು ಓಡಿಸಿದರು. ರೋಹ್ಟಾಂಗ್ ಕಣಿವೆ 3,978 ಮೀಟರ್ ಎತ್ತರದಲ್ಲಿದೆ, ಅಲ್ಲಿ ಅಪಾಯ ಇಲ್ಲ ಅನ್ನುವವನು ಹುಚ್ಚ. ಆದರೆ ಆಗ ಅದೇ ದಾರಿಯಲ್ಲಿ ದಿನಾ ಲಾರಿ ಹೊಡೆಯುತ್ತಿದ್ದ ನಮ್ಮ ಡ್ರೈವರುಗಳಿಗೆ ಅದು ಡ್ಯೂಟಿಯಾಗಿತ್ತು. ಎಡ-ಬಲ ಬದಲಾದ ಸ್ಟೀರಿಂಗ್, ಗೊತ್ತಿಲ್ಲದ ದಾರಿ, ಗೊತ್ತಿಲ್ಲದ ಹಾರನ್ ಭಾಷೆ. ಆ ಪರದೇಶಿಗಳ ಮುಖದ ಭಯವೂ ಖರೇನೇ ಇದ್ದೀತು. ಭಯ ಪಡಲಿ ಅಂತಲೇ ಅವರನ್ನು ಅಲ್ಲಿಗೆ ಕರೆತಂದಿದ್ದರು ಅನ್ನುವುದೂ ಅಷ್ಟೇ ಖರೇ. ಇಂಥ ಕಾರ್ಯಕ್ರಮಗಳಲ್ಲಿ ಸಂಭಾಷಣೆ ಬರೆಯುವ ಅಗತ್ಯ ಕಡಿಮೆ. ಯಾರನ್ನು ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿದ್ದರೆ ಸಾಕು.

ಇನ್ನು ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದು ಸಂಚಿಕೆ ನೋಡಿ. ನೋಡುವಾಗ ಕಥೆಯನ್ನು ಬಿಟ್ಟು ಗಾಡಿಯ ಬಾನೆಟ್ ಮೇಲಿನ ಕೆಸರನ್ನು ನೋಡಿ. ಹಳ್ಳಕ್ಕೆ ಇಳಿಯುವ ಮೊದಲೇ ಅಲ್ಲಿ ಒಣಗಿದ ಕೆಸರಿನ ಗೆರೆ ಇದ್ದರೆ, ಆ ಗಾಡಿ ಆಗಲೇ ಒಂದು ಸಲ ಇಳಿದು ಬಂದಿದೆ. ಹಳ್ಳದ ಆಚೆ ದಂಡೆಯ ಮೇಲಿಂದ ತೆಗೆದ ದೃಶ್ಯ ಬಂದರೆ, ಗಾಡಿಗಿಂತ ಮೊದಲು ಯಾರೋ ಕ್ಯಾಮೆರಾ ಹೊತ್ತು ಆಚೆ ದಾಟಿದ್ದಾರೆ. ದಾಟಲು ಅವರಿಗೆ ಬೇರೆ ದಾರಿ ಇತ್ತು ಅಂತಾಯಿತು. ನೆರಳನ್ನೂ ನೋಡಿ. ಗಾಡಿ ಸಿಕ್ಕಿಬಿದ್ದಾಗ ನೆರಳು ಕಾಲಡಿಗಿದ್ದು, 'ಎರಡೇ ನಿಮಿಷ'ದಲ್ಲಿ ಹೊರಗೆ ಬಂದಾಗ ಮಾರುದ್ದ ಬೆಳೆದಿರುತ್ತದೆ. ಮಾತಿನಲ್ಲೂ ಹೀಗೇ. ಡ್ರೈವರ್ ಬಾಯಿ ಕಾಣುವಾಗ ಒಂದು ವಾಕ್ಯ ಶುರುವಾಗುತ್ತದೆ, ಚಿತ್ರ ಚಕ್ರದ ಮೇಲೆ ಹೋದಾಗ ಅದೇ ವಾಕ್ಯ ಮುಗಿಯುತ್ತದೆ. ಅರ್ಧ ಮಾತು ಬೆಳಗಿನದ್ದು, ಅರ್ಧ ಸಂಜೆಯದ್ದು ಆಗಿರಬಹುದು. ಬೇರೆ ಬೇರೆ ಹೊತ್ತಿನ ಮಾತು ಜೋಡಿಸಿ ಹೊಸ ಮಾತು ಮಾಡುವುದು ಆ ಉದ್ಯಮದಲ್ಲಿ ಹಳೆಯ ಕೈಚಳಕ.

ಒಂದು ವಿಚಿತ್ರ ಇದೆ. ಇಷ್ಟೆಲ್ಲ ಉಬ್ಬಿಸುವ ಟಿವಿ, ಒಂದು ವಿಷಯವನ್ನು ಇರುವುದಕ್ಕಿಂತ ಕಡಿಮೆ ಮಾಡಿ ತೋರಿಸುತ್ತದೆ. ಅದು ಇಳಿಜಾರು. ಗಾಡಿಗೆ ಅಂಟಿಸುವ ಸಣ್ಣ ಕ್ಯಾಮೆರಾಗಳ ಅಗಲ ಲೆನ್ಸ್ ಏರನ್ನೆಲ್ಲ ನುಂಗಿ ಚಪ್ಪಟೆ ಮಾಡಿಬಿಡುತ್ತದೆ. ಚೋರ್ಲಾ ಘಾಟಿನ ಅಂಚಿನಲ್ಲಿ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದವರಿಗೆ ಇದು ಗೊತ್ತು. ಕಣ್ಣಿಗೆ ಎದೆ ಝಲ್ ಅನ್ನುವ ಇಳಿಜಾರು, ಫೋಟೊದಲ್ಲಿ ಮನೆಯ ಮುಂದಿನ ರಸ್ತೆ. ಹಾಗಾಗಿ ಡ್ರೈವರ್ ನಿಜವಾಗಿ ಹೆದರಿದ ಜಾಗವೇ ತೆರೆಯ ಮೇಲೆ ಸಪ್ಪೆ ಕಾಣುತ್ತದೆ. ಆ ಸಪ್ಪೆ ತುಂಬಲು ಡೋಲು, ನಗಾರಿ, ನಿರೂಪಕನ ಗಡಸು ದನಿ ಎಲ್ಲ ಬರುತ್ತವೆ. ಖರೇ ಭಯ ಕಾಣದೆ ಹೋದದ್ದಕ್ಕೆ ಸುಳ್ಳು ಭಯ ಬಡಿಸುತ್ತಾರೆ. ಮನೆಯಲ್ಲಿ ಕೂತು ನೋಡುವ ಹುಡುಗನಿಗೆ ಮಾತ್ರ "ಇಷ್ಟೇನಾ ಏರು, ನಾನೂ ಹತ್ತಿಸ್ತೀನಿ" ಅನಿಸುತ್ತದೆ.

ಇದಕ್ಕಿಂತ ದೊಡ್ಡದನ್ನು ಅವರು ಮುಚ್ಚಿಡುತ್ತಾರೆ. ಅದು ಸಹಾಯ. ಬೇರ್ ಗ್ರಿಲ್ಸ್ ಹೆಸರು ನಿಮ್ಮ ಮಗನಿಗೆ ಗೊತ್ತೇ ಇರುತ್ತದೆ. 2020ರ ಜನವರಿಯಲ್ಲಿ ನಮ್ಮ ಬಂಡೀಪುರಕ್ಕೇ ಬಂದು ರಜನಿಕಾಂತ್ ಜೊತೆ ಚಿತ್ರೀಕರಣ ಮಾಡಿದರಲ್ಲ, ಅವರೇ. ಒಬ್ಬಂಟಿಯಾಗಿ ಕಾಡಿನಲ್ಲಿ ಬದುಕುಳಿಯುವ ಅವರ ಕಾರ್ಯಕ್ರಮದ ಮೇಲೆ 2007ರಲ್ಲೇ ದೊಡ್ಡ ಗಲಾಟೆ ಆಗಿತ್ತು. ಕಾಡಿನಲ್ಲಿ ಇದ್ದಾರೆ ಅಂತ ತೋರಿಸಿದ ಕೆಲವು ರಾತ್ರಿ ಅವರು ಹೋಟೆಲಿನಲ್ಲಿ ಮಲಗಿದ್ದರು ಅನ್ನುವುದು ಹೊರಬಿತ್ತು. ಆಮೇಲೆ ವಾಹಿನಿಯವರು ಕಾರ್ಯಕ್ರಮದಲ್ಲೇ ಸೂಚನೆ ಹಾಕಿದರು. ತಂಡ ಜೊತೆಗಿರುತ್ತದೆ, ಕೆಲವು ಸನ್ನಿವೇಶಗಳನ್ನು ತೋರಿಸುವುದಕ್ಕಾಗಿ ಏರ್ಪಡಿಸಿರುತ್ತೇವೆ ಎಂಬ ಅರ್ಥದ್ದು. ಹೋಟೆಲಿನಲ್ಲಿ ಮಲಗಿದ್ದರ ಬಗ್ಗೆ ನನಗೆ ಸಿಟ್ಟಿಲ್ಲ. ನಾನಾದರೂ ಅಲ್ಲೇ ಮಲಗುತ್ತಿದ್ದೆ.

ಆಫ್‌ರೋಡ್ ಕಾರ್ಯಕ್ರಮದಲ್ಲಿ ಈ ಮುಚ್ಚಿದ ಸಹಾಯ ಅಂದರೆ ಏನು? ಫ್ರೇಮಿನ ಹೊರಗೆ ನಿಂತ ಇನ್ನೊಂದು ವಿಂಚ್ ಗಾಡಿ, ಅಂದರೆ ಯಂತ್ರದ ಉರುಳೆಗೆ ಹಗ್ಗ ಸುತ್ತಿ ಜಗ್ಗುವ ಗಾಡಿ. ಮೆಕ್ಯಾನಿಕ್. ಬಿಡಿ ಆ್ಯಕ್ಸಲ್. ಹಿಂದಿನ ದಿನವೇ ಕೋಲು ಹಿಡಿದು ಹಳ್ಳದ ಆಳ ನೋಡಿ ಬಂದವನು. ಇವರು ಕಾಣದಿರುವುದರಿಂದ ಇದೆಲ್ಲ ಒಬ್ಬ ಗಂಡಸು, ಒಂದು ಗಾಡಿಯ ಕಥೆ ಅನಿಸುತ್ತದೆ. ವಿಂಚಿನ ವಿಷಯವನ್ನೇ ತೆಗೆದುಕೊಳ್ಳಿ. ಅನುಭವ ಇದ್ದವರು ಬಿಗಿದ ಹಗ್ಗದ ನಡುವೆ ದಪ್ಪ ಕಂಬಳಿ ಇಲ್ಲವೇ ಒದ್ದೆ ಚೀಲ ಹೊದಿಸುತ್ತಾರೆ. ಹಗ್ಗ ಹರಿದರೆ ಚಾಟಿಯ ಹಾಗೆ ಹಾರದಿರಲಿ ಅಂತ. ಹಗ್ಗದ ಉದ್ದಕ್ಕಿಂತ ಹತ್ತಿರ ಯಾರನ್ನೂ ನಿಲ್ಲಿಸುವುದಿಲ್ಲ. ಇದಕ್ಕೆಲ್ಲ ಹೊತ್ತು ಹಿಡಿಯುತ್ತದೆ, ಟಿವಿಯಲ್ಲಿ ಕತ್ತರಿ ಬೀಳುವುದೂ ಇದಕ್ಕೇ. ನಮ್ಮ ಕಡೆ ಟ್ರ್ಯಾಕ್ಟರ್ ಸಿಕ್ಕಿಬಿದ್ದಾಗ ಸರಪಳಿ ಕಟ್ಟಿ ಜಗ್ಗುವಾಗ ಸುತ್ತ ಅರ್ಧ ಊರೇ ನಿಂತಿರುತ್ತದೆ. ಮಕ್ಕಳೂ ಇರುತ್ತಾರೆ. ಮೊದಲು ಅವರನ್ನು ಹಿಂದೆ ಸರಿಸಿ, ಮಾರಾಯ್ರೆ.

"ಹಾಗಾದರೆ ಇದಕ್ಕೆ ಕಾನೂನು ಇಲ್ಲವೇ?" ಅಂತ ಕೇಳಬಹುದು. ಅಮೆರಿಕದಲ್ಲಿ 1950ರ ದಶಕದಲ್ಲಿ ಟಿವಿ ಕ್ವಿಜ್ ಕಾರ್ಯಕ್ರಮಗಳಲ್ಲಿ ಉತ್ತರವನ್ನು ಮೊದಲೇ ಹೇಳಿಕೊಟ್ಟ ಹಗರಣ ಆಯಿತು. ಆಮೇಲೆ 1960ರಲ್ಲಿ ಇಂಥ ಸ್ಪರ್ಧೆಯ ಫಲಿತಾಂಶವನ್ನು ಮೊದಲೇ ನಿಗದಿ ಮಾಡುವುದು ಅಪರಾಧ ಅಂತ ಕಾನೂನು ಬಂತು. ಆದರೆ ಬಹುಮಾನದ ಪಂದ್ಯ ಬೇರೆ, ಸುಮ್ನೆ ಡ್ರೈವರ್ ಹಿಂದೆ ಕ್ಯಾಮೆರಾ ಹೋಗುವುದು ಬೇರೆ. ಎರಡನೆಯದರಲ್ಲಿ ಹಿಂದು ಮುಂದು ಜೋಡಿಸಿದರೆ ಹಿಡಿಯುವುದು ಕಷ್ಟ. ಕಾರುಗಳ ಬಗ್ಗೆ ಇರುವ ಬ್ರಿಟನ್ನಿನ ಟಿವಿ ಕಾರ್ಯಕ್ರಮ 'ಟಾಪ್ ಗೇರ್' 2008ರಲ್ಲಿ ಟೆಸ್ಲಾ ಕಾರಿನ ಚಾರ್ಜ್ ಮುಗಿದು ಅದನ್ನು ತಳ್ಳಿಕೊಂಡು ಹೋಗುವ ಹಾಗೆ ತೋರಿಸಿತು. ಚಾರ್ಜ್ ಖಾಲಿಯೇ ಆಗಿರಲಿಲ್ಲ ಅಂತ ಕಂಪನಿ 2011ರಲ್ಲಿ ಕೋರ್ಟಿಗೆ ಹೋಯಿತು. 2013ರಲ್ಲಿ ಮೇಲ್ಮನವಿಯನ್ನೂ ಸೋತಿತು. ರೇಸ್ ಟ್ರ್ಯಾಕಿನಲ್ಲಿ ಕಾರು ಒಂದು ಚಾರ್ಜಿಗೆ ಎಷ್ಟು ದೂರ ಓಡುತ್ತದೆ ಅನ್ನುವ ಲೆಕ್ಕವನ್ನು ಊರ ರಸ್ತೆಗೆ ತಿಳಿದ ನೋಡುಗ ಯಾರೂ ಹಾಕುವುದಿಲ್ಲ ಅನ್ನುವುದು ನ್ಯಾಯಾಧೀಶರ ನಿಲುವಾಗಿತ್ತು. ನೋಡುಗ ಜಾಣ ಅಂತ ಕೋರ್ಟ್ ನಂಬಿತು. ನನಗೆ ಅಷ್ಟು ನಂಬಿಕೆ ಇಲ್ಲ, ನಿಮ್ಮ ಪತ್ರ ಓದಿದ ಮೇಲಂತೂ ಇಲ್ಲ.

ಏಕೆಂದರೆ ಟಿವಿಯ ಲೆಕ್ಕವನ್ನು ನಮ್ಮ ಹುಡುಗರು ನಮ್ಮ ನೆಲಕ್ಕೆ ಹಾಕುತ್ತಿದ್ದಾರೆ. ಮರಳಿನಲ್ಲಿ ಟೈರಿನ ಗಾಳಿ ಇಳಿಸಿದರೆ ಗಾಡಿ ಸರಾಗ ಹೋಗುತ್ತದೆ ಅನ್ನುವುದನ್ನು ನೋಡಿರುತ್ತಾರೆ. ಅದು ಖರೇ, ಟೈರ್ ಅಗಲವಾಗಿ ಕೂತು ಮರಳಿನ ಮೇಲೆ ತೇಲುತ್ತದೆ. ನಮ್ಮ ಎರಿ ಮಣ್ಣಿಗೆ ಆ ಮಂತ್ರ ಅಷ್ಟಾಗಿ ನಡೆಯುವುದಿಲ್ಲ. ಎರಿ ನೀರು ಕುಡಿದು ಉಬ್ಬುತ್ತದೆ, ಟೈರಿನ ಹಲ್ಲಿನ ಸಂದಿಗೆ ಮೆತ್ತಿಕೊಳ್ಳುತ್ತದೆ. ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಹಲ್ಲೆಲ್ಲ ಮುಚ್ಚಿ ಟೈರ್ ನುಣ್ಣಗಾಗುತ್ತದೆ, ಮಡ್‌ಗಾರ್ಡ್ ಒಳಗೆ ಮುದ್ದೆ ಕಟ್ಟುತ್ತದೆ. ನಾಲ್ಕೂ ಗಾಲಿಗೆ ಪವರ್ ಇದ್ದರೆ ನಾಲ್ಕೂ ಗಾಲಿ ಜಾರುತ್ತವೆ, ಅಷ್ಟೇ. ದೋಣಿ ನದಿಯ ದಂಡೆಯ ಹೊಲದವರನ್ನು ಕೇಳಿ, ಮಳೆ ನಿಂತ ಮೇಲೆ ಹೊಲಕ್ಕೆ ಗಾಡಿ ಇಳಿಸಲು ಎಷ್ಟು ಕಾಯುತ್ತಾರೆ ಅಂತ.

ಈಗ ಸೇತುವೆ. ಇದನ್ನು ನಿಮ್ಮ ಮಗನಿಗೆ ನೇರವಾಗಿ ಓದಿಸಿ. ತಮ್ಮಾ, ಥಾರ್ ಗಾಡಿಗೆ 650 ಮಿಲಿಮೀಟರ್ ನೀರಿನಲ್ಲಿ ಇಳಿಯುವ ಸಾಮರ್ಥ್ಯ ಅಂತ ಕಂಪನಿ ಹೇಳುತ್ತದೆ. ಅಂದರೆ ಎರಡಡಿ ಮತ್ತು ಸ್ವಲ್ಪ. ಆ ಅಂಕಿಯನ್ನು ಹೊಳೆಯ ಸೆಳವಿಗೆ ಹಾಕಬೇಡ. ಹರಿಯುವ ನೀರು ಎರಡಡಿ ಇದ್ದರೆ ಬಹುತೇಕ ವಾಹನಗಳನ್ನು ಎತ್ತಿ ಪಕ್ಕಕ್ಕೆ ಒಯ್ಯಬಲ್ಲದು. ಮುಳುಗಿದ ಸೇತುವೆಯ ಅಂಚು ಕಾಣುವುದಿಲ್ಲ, ಮೇಲಿನ ಡಾಂಬರು ಉಳಿದಿದೆಯೋ ಕೊಚ್ಚಿ ಹೋಗಿದೆಯೋ ಕಾಣುವುದಿಲ್ಲ. ಗಾಳಿ ಎಳೆಯುವ ಕೊಳವೆಗೆ ನೀರು ಹೊಕ್ಕರೆ ಎಂಜಿನ್ ಅಲ್ಲೇ ನಿಲ್ಲುತ್ತದೆ. ನೀರನ್ನು ಗಾಳಿಯ ಹಾಗೆ ಒತ್ತಿ ಸಣ್ಣದು ಮಾಡಲು ಬರುವುದಿಲ್ಲ, ಪಿಸ್ಟನ್ ಕೆಳಗಿನ ಕನೆಕ್ಟಿಂಗ್ ರಾಡೇ ಬಾಗುತ್ತದೆ. ನಡುಹೊಳೆಯಲ್ಲಿ ನಿಂತ ಗಾಡಿಗೆ ಫ್ರೇಮಿನ ಹೊರಗಿನ ವಿಂಚ್ ಇರುವುದಿಲ್ಲ. ಯಾದವಾಡ ಸೇತುವೆ ಇರಲಿ, ಚಿಕ್ಕೋಡಿ ಕಡೆಯ ಕಲ್ಲೋಳ-ಯಡೂರ ಸೇತುವೆ ಇರಲಿ, ನೀರು ಬಂದಾಗ ಬ್ಯಾರಿಕೇಡ್ ಹಾಕುವುದು ಸುಮ್ನೆ ಅಲ್ಲ. 2023ರ ಡಿಸೆಂಬರಿನಲ್ಲಿ ಹಿಮಾಚಲದ ಲಾಹೌಲ್‌ನಲ್ಲಿ ಒಬ್ಬರು ಟ್ರಾಫಿಕ್ ಜಾಮ್ ತಪ್ಪಿಸಲು ಚಂದ್ರಾ ನದಿಯಲ್ಲೇ ಥಾರ್ ಇಳಿಸಿದ ವಿಡಿಯೊ ದೇಶವೆಲ್ಲ ಓಡಾಡಿತು. ಅದಕ್ಕೆ ಸಿಕ್ಕಿದ್ದು ಪೊಲೀಸರ ಚಲನ್. ಅದೂ ಚಳಿಗಾಲದ ಇಳಿದ ನೀರು. ನಮ್ಮ ಘಟಪ್ರಭೆ ತುಂಬುವುದು ಮಳೆಗಾಲದಲ್ಲಿ.

ಯಾವುದು ನೋಡಬೇಕು ಅಂತ ಕೇಳಿದ್ದೀರಿ. ಟಿವಿಯೇ ಬೇಕೆಂದರೆ, ಕೆಟ್ಟು ನಿಂತ ಗಾಡಿಯನ್ನು ಹೊರಗೆ ತರುವ ಕೆಲಸದ ಕಾರ್ಯಕ್ರಮಗಳನ್ನು ನೋಡಿ. ಅಲ್ಲೂ ಸಂಗೀತ, ಗದ್ದಲ ಇದ್ದೇ ಇದೆ. ಆದರೆ ಹಗ್ಗ ಎಲ್ಲಿ ಕಟ್ಟಬೇಕು, ಯಾವ ಕೋನದಲ್ಲಿ ಜಗ್ಗಬೇಕು ಅನ್ನುವುದನ್ನು ಮುಚ್ಚಿಡಲು ಆಗುವುದಿಲ್ಲ, ಅದೇ ಅವರ ಕಥೆ. ಖರೇ ಪಂದ್ಯ ಬೇಕೆಂದರೆ ಗೋವಾ ದೂರವಿಲ್ಲ. ಮಲೇಷ್ಯಾದಲ್ಲಿ 1997ರಲ್ಲಿ ಶುರುವಾದ ರೇನ್‌ಫಾರೆಸ್ಟ್ ಚಾಲೆಂಜ್ ಸ್ಪರ್ಧೆಯ ಭಾರತದ ಆವೃತ್ತಿ 2014ರಲ್ಲಿ ಗೋವಾದ ಮಳೆಯಲ್ಲೇ ಮೊದಲಾಯಿತು. ಅಂಥ ಪಂದ್ಯದಲ್ಲಿ ಡ್ರೈವರ್ ಕೂತಿರುತ್ತಾನೆ. ಅವನ ಜೊತೆಗಾರ ವಿಂಚಿನ ಹಗ್ಗ ಹಿಡಿದು ಮೊಣಕಾಲುದ್ದ ಕೆಸರಿನಲ್ಲಿ ಓಡುತ್ತಾನೆ, ಮರಕ್ಕೆ ಪಟ್ಟಿ ಸುತ್ತುತ್ತಾನೆ, ಮತ್ತೆ ಓಡುತ್ತಾನೆ. ಅರ್ಧ ಪಂದ್ಯ ಅವನದ್ದು. ಟಿವಿಯಲ್ಲಿ ಅವನ ಮುಖ ಕಂಡರೆ ನಿಮ್ಮ ಪುಣ್ಯ.

ಅಷ್ಟು ದೂರ ಯಾಕೆ, ನಿಮ್ಮ ಸುತ್ತಲಿನ ಜಾತ್ರೆಗಳಲ್ಲೇ ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆ ಇಡುತ್ತಾರಲ್ಲ. ಎರಡು ಟ್ರೇಲರ್ ಕಟ್ಟಿ ಹಿಂದಕ್ಕೆ ಓಡಿಸುವುದು. ಒಂದು ಟ್ರೇಲರ್ ಇದ್ದರೆ ಸ್ಟೀರಿಂಗ್ ಉಲ್ಟಾ ತಿರುಗಿಸಬೇಕು, ಎರಡನೆಯದು ಸೇರಿದರೆ ಆ ಉಲ್ಟಾ ಮತ್ತೆ ಉಲ್ಟಾ. ಡ್ರೈವರ್ ಸೀಟಿನಲ್ಲಿ ಪೂರ್ತಿ ತಿರುಗಿ ಕೂತಿರುತ್ತಾನೆ, ಕಣ್ಣು ಹಿಂದಿನ ಕೊನೆಯ ಗಾಲಿಯ ಮೇಲೆ, ಒಂದು ಕೈ ಮಾತ್ರ ಸ್ಟೀರಿಂಗ್ ಮೇಲೆ. ಕೂದಲೆಳೆ ತಪ್ಪಿದರೆ ಟ್ರೇಲರ್ ಮಡಚಿಕೊಂಡು ನಿಲ್ಲುತ್ತದೆ. ಸುತ್ತಲೂ ನಿಂತ ಜನ ಎಲ್ಲ ಡ್ರೈವರುಗಳೇ, ಅವರ ಮುಂದೆ ಎಡಿಟಿಂಗ್ ನಡೆಯುವುದಿಲ್ಲ.

ಇದರ ಬಗ್ಗೆ ನಮ್ಮ ಪತ್ರಿಕೆಗೆ ಒಂದು ಬರಹ ಬೇಕಾಗಿದೆ. ಮುಂದಿನ ಜಾತ್ರೆಯಲ್ಲಿ ನಿಮ್ಮ ಮಗ ಹೋಗಿ ನೋಡಿ, ಗೆದ್ದವರನ್ನೂ ಸೋತವರನ್ನೂ ಮಾತಾಡಿಸಿ ಬರೆದು ಕಳಿಸಲಿ. ಎರಡು ಪುಟ ಸಾಕು, ಸಂಭಾವನೆ ಕೊಡುತ್ತೇವೆ. ಫೋಟೊ ಮೊಬೈಲಿನದ್ದಾದರೂ ನಡೆಯುತ್ತದೆ, ಅಡ್ಡ ಹಿಡಿದು ತೆಗೆಯಲು ಹೇಳಿ.