ಕಷಾಯ ಕುಡಿದರೂ ಬಿದ್ದ ಸ್ವರ ಏಳುವುದಿಲ್ಲ ಯಾಕೆ?

ರಾತ್ರಿಯಿಡೀ ತಾಳಮದ್ದಲೆಯಲ್ಲಿ (ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನ) ಅರ್ಥ, ಅಂದರೆ ಪಾತ್ರದ ಮಾತು, ಹೇಳಿದರೆ ಬೆಳಗಾಗುವಷ್ಟರಲ್ಲಿ ಸ್ವರ ಬಿದ್ದಿರುತ್ತದೆ, ಮೆಣಸಿನಕಾಳಿನ ಕಷಾಯ, ಜೇಷ್ಠಮಧು, ಉಪ್ಪುನೀರು ಯಾವುದಕ್ಕೂ ಜಗ್ಗುವುದಿಲ್ಲ, ಒಳಗೆ ಏನಾಗಿರುತ್ತದೆ ಅಂತ ಕೇಳಿದ್ದೀರಿ. ನಾನು ಕುಮಟಾದವಳು, ಸ್ಪೀಚ್ ಥೆರಪಿ ನನ್ನ ಕೆಲಸ. ಯಕ್ಷಗಾನದ ಆಟ, ತಾಳಮದ್ದಲೆ ಜೋರಿರುವ ದಿನಗಳಲ್ಲಿ ನಿಮ್ಮಂಥವರು ಬಂದೇ ಬರುತ್ತಾರೆ, ಕೈಯಲ್ಲಿ ಕಷಾಯದ ಫ್ಲಾಸ್ಕ್ ಸಮೇತ.

ಕುಡಿದ ಕಷಾಯದ ಒಂದು ಹನಿಯೂ ಸ್ವರ ಹುಟ್ಟುವ ಜಾಗಕ್ಕೆ ತಾಗುವುದಿಲ್ಲ. ತಾಗಿದರೆ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬರುತ್ತದೆ. ಮೂಗಿನ ಹಿಂದಿನಿಂದ ಕುತ್ತಿಗೆಗೆ ಇಳಿಯುವ ಸುಮಾರು 12-13 ಸೆಂಟಿಮೀಟರಿನ ಗಂಟಲು ಗಾಳಿಗೂ ಅನ್ನಕ್ಕೂ ಸೇರಿದ ದಾರಿ. ಕೆಳಗೆ ಅದು ಕವಲೊಡೆಯುತ್ತದೆ: ಹಿಂದೆ ಅನ್ನನಾಳ, ಮುಂದೆ ಸ್ವರ ಹುಟ್ಟುವ ಧ್ವನಿಪೆಟ್ಟಿಗೆ, ಅದರ ಕೆಳಗೆ ಶ್ವಾಸನಾಳ. ನುಂಗುವಾಗ ಇಡೀ ಧ್ವನಿಪೆಟ್ಟಿಗೆ ಮೇಲೇರುತ್ತದೆ, ಎಪಿಗ್ಲಾಟಿಸ್ ಎಂಬ ಎಲೆಯಾಕಾರದ ಮೃದ್ವಸ್ಥಿ ಅದರ ಬಾಯಿಯ ಮೇಲೆ ಬಾಗುತ್ತದೆ, ಅದರೊಳಗಿನ ಧ್ವನಿತಂತುಗಳು ಬಿಗಿದು ಮುಚ್ಚಿಕೊಳ್ಳುತ್ತವೆ. ಕಷಾಯ ಹಿಂದಿನ ದಾರಿ ಹಿಡಿಯುತ್ತದೆ. ಮುಕ್ಕಳಿಸಿದ ಉಪ್ಪುನೀರಂತೂ ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಗಂಟಲು ನೋವಿಗೆ ಇವೆಲ್ಲ ಹಿತವೇ, ನಾನೂ ಕುಡಿಯುತ್ತೇನೆ. ಸ್ವರದ ಲೆಕ್ಕ ಬೇರೆ.

ಕುತ್ತಿಗೆಯ ಮುಂದೆ ಗಂಡಸರಿಗೆ ಎದ್ದು ಕಾಣುವ ಉಬ್ಬಿನ ಮೇಲೆ ಬೆರಳಿಡಿ. ಅದು ಥೈರಾಯ್ಡ್ ಮೃದ್ವಸ್ಥಿ. ಅದೇ ಹೆಸರಿನ ಗ್ರಂಥಿ ಇರುವುದು ಇನ್ನೂ ಕೆಳಗೆ. ಬೆರಳನ್ನು ಮೆಲ್ಲಗೆ ಜಾರಿಸಿದರೆ ಸಣ್ಣ ತಗ್ಗು, ಅದು ದಾಟಿದರೆ ಗಟ್ಟಿ ಉಂಗುರ, ಕ್ರೈಕಾಯ್ಡ್. ತಗ್ಗಿನಲ್ಲೇ ಬೆರಳನ್ನು ಹಗುರವಾಗಿ ಇಟ್ಟುಕೊಂಡು ಕೆಳಗಿನ ಷಡ್ಜದಿಂದ (ಸ) ಮೇಲಿನ ಷಡ್ಜಕ್ಕೆ ಹಾಡುತ್ತಾ ಹೋಗಿ. ತಗ್ಗು ಕಿರಿದಾಗುವುದು ಬೆರಳಿಗೇ ಗೊತ್ತಾಗುತ್ತದೆ. ಉಂಗುರವೂ ಮೇಲಿನ ಮೃದ್ವಸ್ಥಿಯೂ ಹತ್ತಿರ ಬಂದಾಗ ಒಳಗಿನ ಧ್ವನಿತಂತುಗಳು ಎಳೆದುಕೊಂಡು ತೆಳುವಾಗಿ ಶ್ರುತಿ ಏರುತ್ತದೆ.

ಈ ತಂತುಗಳು ಎರಡು ತುಟಿಗಳ ಹಾಗೆ. ಒಳಗೆ ಸ್ನಾಯು, ಅದರ ಮೇಲೆ ಲೋಳೆಯಂಥ ಮೆತ್ತನೆಯ ಪದರ, ಹೊರಗೆ ತೆಳು ಪೊರೆ. ಗಂಡಸರಲ್ಲಿ ಉದ್ದ ಸುಮಾರು 17ರಿಂದ 25 ಮಿಲಿಮೀಟರ್, ಅಷ್ಟೇ. ಸಾಧಾರಣ ಮಾತಿನಲ್ಲೇ ಗಂಡಸರ ತಂತುಗಳು ಸೆಕೆಂಡಿಗೆ ನೂರಕ್ಕೂ ಮೇಲೆ, ಹೆಂಗಸರವು ಇನ್ನೂರರ ಹತ್ತಿರ ಬಡಿದುಕೊಳ್ಳುತ್ತವೆ. ಒಂದು ತಾಸು ಅರ್ಥ ಹೇಳಿದರೆ ಲಕ್ಷಗಟ್ಟಲೆ ಸಲ ಆಯಿತು. ಎದುರು ಪಾತ್ರದವರು ದನಿ ಏರಿಸಿದರೆಂದು ನೀವೂ ಏರಿಸಿದರೆ ಪ್ರತಿ ಹೊಡೆತವೂ ಜೋರು. ಬೆಳಗಿನ ಜಾವಕ್ಕೆ ತಂತುಗಳು ಬಾತು ಭಾರವಾಗಿರುತ್ತವೆ, ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಸಂದಿನಿಂದ ಗಾಳಿ ಸೋರುತ್ತದೆ. ನಿಮಗೆ ಕೇಳುವ ಗೊಗ್ಗರು ಸ್ವರ ಅದೇ. ಬಾವು ಇಳಿಯಲು ಬಿಡದೆ ಮರುದಿನ ಮತ್ತೆ ಕೂತರೆ ಹೆಚ್ಚು ಹೊಡೆತ ಬೀಳುವ ನಡುಭಾಗದಲ್ಲಿ ಗಂಟು ಕಟ್ಟಲು ಶುರುವಾಗುತ್ತದೆ.

ಹಾಗಾದರೆ ಮಾಡುವುದೇನು? ಮೌನ. ಪಿಸುಗುಟ್ಟುವುದನ್ನು ಮೌನದ ಲೆಕ್ಕಕ್ಕೆ ಹಿಡಿಯಬೇಡಿ, ಬಹಳ ಜನ ಅದಕ್ಕೂ ಗಂಟಲು ಬಿಗಿಯುತ್ತಾರೆ. ಮಾತಿಗೆ ಮೊದಲು ಕ್ಯಾಕರಿಸುವ ಚಟ ಬಿಡಿ. ಆವಿ ತೆಗೆದುಕೊಳ್ಳಿ, ಅದು ಉಸಿರಿನ ದಾರಿಯಲ್ಲಿ ಹೋಗುವುದರಿಂದ ತಂತುಗಳಿಗೆ ತಲುಪುತ್ತದೆ. ನೀರು ರಕ್ತದ ಮೂಲಕ ತಲುಪುತ್ತದೆ, ಹಾಗಾಗಿ ಸ್ವರ ಬಿದ್ದ ಮೇಲಲ್ಲ, ಹಿಂದಿನ ಮಧ್ಯಾಹ್ನದಿಂದಲೇ ಕುಡಿಯಬೇಕು. ಬೀಡಿ ಸಿಗರೇಟಿನ ಹೊಗೆಯಂತೂ ನೇರ ತಂತುಗಳ ನಡುವೆಯೇ ನುಗ್ಗುತ್ತದೆ. ಹೊಗೆಸೊಪ್ಪಿನ ಕವಳದ (ಎಲೆಯಡಿಕೆಯ) ಬಗ್ಗೆ ನಮ್ಮ ಕಡೆ ಹೇಳಿದರೆ ಜಗಳವೇ ಆಗುತ್ತದೆ, ಆದರೂ ಹೇಳುತ್ತೇನೆ, ಬಿಡಿ. ಕಾರ್ಯಕ್ರಮ ಮುಗಿಸಿ ಹೊಟ್ಟೆ ತುಂಬ ಉಂಡು ಕೂಡಲೇ ಮಲಗಿದರೆ ಹೊಟ್ಟೆಯ ಆಮ್ಲ ಮೇಲೆ ಬಂದು ಧ್ವನಿಪೆಟ್ಟಿಗೆಯ ಹಿಂಭಾಗವನ್ನು ಸುಡುವುದೂ ಉಂಟು.

ಮೂರು ವಾರವಾದರೂ ಸ್ವರ ತಿಳಿಯಾಗದಿದ್ದರೆ ಇ.ಎನ್.ಟಿ. (ಕಿವಿ-ಮೂಗು-ಗಂಟಲಿನ) ವೈದ್ಯರಿಗೆ ತೋರಿಸಲೇಬೇಕು. ನುಂಗಲು ಕಷ್ಟ, ಕಫದಲ್ಲಿ ರಕ್ತ, ಕುತ್ತಿಗೆಯಲ್ಲಿ ಗಡ್ಡೆ ಇದ್ದರೆ ಅಷ್ಟೂ ಕಾಯಬೇಡಿ. ಪರೀಕ್ಷೆಗೆ ಹೆದರುವಂಥದ್ದೇನಿಲ್ಲ. 1854ರಲ್ಲಿ ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟ್ರು, ವೈದ್ಯನೇ ಅಲ್ಲ, ಹಲ್ಲಿನ ವೈದ್ಯರ ಸಣ್ಣ ಕನ್ನಡಿ ಮತ್ತು ಬಿಸಿಲಿನ ಸಹಾಯದಿಂದ ತನ್ನ ತಂತುಗಳನ್ನು ತಾನೇ ನೋಡಿಕೊಂಡಿದ್ದ. ಈಗ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಮುಂದಕ್ಕೆ ಎಳೆದು, ಕ್ಯಾಮೆರಾ ಇರುವ ಕಡ್ಡಿ ಒಳಗಿಟ್ಟು "ಈ..." ಅನ್ನಿಸುತ್ತಾರೆ. ಪರದೆಯ ಮೇಲೆ ಬೆಳ್ಳಗಿನ ಎರಡು ಪಟ್ಟಿ ಕೂಡಿಕೊಳ್ಳುವುದು, ಉಸಿರೆಳೆದಾಗ ಬಿರಿಯುವುದು ಕಾಣುತ್ತದೆ. ಊಟ ಮಾಡಿ ನೇರ ಹೋಗಬೇಡಿ, ವಾಂತಿ ಬಂದ ಹಾಗಾಗುತ್ತದೆ.