ರೊಟ್ಟಿ ಬಡಿಯುವ ಕೈಗೆ ಟೆನಿಸ್ ಎಲ್ಬೋ

ಓದುಗರ ಪ್ರಶ್ನೆಗಳಿಗೆ ಫಿಸಿಯೋಥೆರಪಿಸ್ಟ್ ಉತ್ತರ

ಪ್ರಶ್ನೆ: ಮೇಡಂ, ನನಗೆ 46 ವರ್ಷ. ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಖಾನಾವಳಿಗೆ ಕೊಡುತ್ತೇನೆ, ದಿನಕ್ಕೆ 120. ಎಂಟು ತಿಂಗಳಿಂದ ಬಲ ಮೊಣಕೈಯ ಹೊರಬದಿಯಲ್ಲಿ ನೋವು. ಡಾಕ್ಟರು ‘ಟೆನಿಸ್ ಎಲ್ಬೋ’ ಅಂದರು. ನಾನು ಟೆನಿಸ್ ಬ್ಯಾಟು ಮುಟ್ಟಿದವಳೇ ಅಲ್ಲ! ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಎರಡು ತಿಂಗಳು ನೋವೇ ಇಲ್ಲ, ಆಮೇಲೆ ಮೊದಲಿಗಿಂತ ಜಾಸ್ತಿ. ಮೂರು ವಾರ ಕೆಲಸ ಬಿಟ್ಟು ಕೂತೆ, ಕಡಿಮೆಯಾಯಿತು. ಹಿಟ್ಟು ನಾದಿದ ಮೊದಲ ದಿನವೇ ವಾಪಸ್ ಬಂತು. ಮಗ ಮೊಬೈಲ್ ನೋಡಿ ಎರಡು ಕೆಜಿ ಡಂಬೆಲ್ ತಂದುಕೊಟ್ಟ. ಎರಡು ದಿನ ಎತ್ತಿದ್ದಕ್ಕೆ ರಾತ್ರಿ ನಿದ್ದೆಯಿಲ್ಲ. ವ್ಯಾಯಾಮ ಮಾಡಬೇಕೋ, ಬೇಡವೋ? ಇನ್ನೊಂದು ಇಂಜೆಕ್ಷನ್ ತೆಗೆದುಕೊಳ್ಳಲಾ?
– ಹೆಸರು ಬೇಡ, ಹಾವೇರಿ

ಉತ್ತರ: ಮೊದಲು ಆ ಡಂಬೆಲ್ಲನ್ನು ಮಗನಿಗೇ ವಾಪಸ್ ಕೊಡಿ. ಅವನ ತೋಳಿಗೆ ಒಳ್ಳೆಯದು. ನಿಮಗೆ ಸದ್ಯಕ್ಕೆ ಬೇಕಾದದ್ದು ಕಾಲು ಕೆಜಿ ಅಕ್ಕಿ ಮತ್ತು ಒಂದು ಸಣ್ಣ ಬಟ್ಟೆ ಚೀಲ.

ಹೆಸರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 1880ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಲಾನ್ ಟೆನಿಸ್ ಆಡುವವರ ಕೈನೋವಿಗೆ ಇಟ್ಟ ಹೆಸರು ಹಾಗೇ ಅಂಟಿಕೊಂಡಿದೆ. ನನ್ನ ಹತ್ತಿರ ಬರುವವರು ಟೈಲರುಗಳು, ಬಡಗಿಗಳು, ದಿನವಿಡೀ ಮೌಸ್ ಹಿಡಿಯುವವರು. ಟೆನಿಸ್ ಆಡುವವರು ವರ್ಷಕ್ಕೆ ಒಬ್ಬರು ಬಂದರೆ ಹೆಚ್ಚು. ನನಗೂ ಬಂದಿತ್ತು. ದುಡ್ಡು ಉಳಿಸೋಣ ಅಂತ ಮನೆಯ ಕಿಟಕಿ ಗ್ರಿಲ್ಲುಗಳಿಗೆಲ್ಲ ನಾನೇ ಪೇಂಟ್ ಹೊಡೆದಿದ್ದೆ. ಮರುವಾರ ಇಕ್ಕಳದಲ್ಲಿ ಹಾಲಿನ ಪಾತ್ರೆ ಎತ್ತಲು ಹೋದೆ, ಪಾತ್ರೆ ಒಲೆಯ ಮೇಲೇ ಕವುಚಿಕೊಂಡಿತು. ಫಿಸಿಯೋಥೆರಪಿಸ್ಟ್ ಮನೆಯಲ್ಲೇ ಹೀಗಾದರೆ ಅಕ್ಕಪಕ್ಕದವರು ನಗದೆ ಇರುತ್ತಾರಾ?

ನೋಯುವುದು ಮೊಣಕೈ. ಆದರೆ ದುಡಿದು ಸೋತದ್ದು ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಸ್ನಾಯುಗಳು. ಅವೆಲ್ಲ ಮುಂಗೈಯಲ್ಲಿ ಹಾದುಬಂದು ಮೊಣಕೈಯ ಹೊರಗಿನ ಮೂಳೆಯ ಗುಬ್ಬಿಗೆ ಗಟ್ಟಿ ನಾರಿನಿಂದ ಅಂಟಿಕೊಂಡಿವೆ. ಈ ನಾರಿಗೆ ಟೆಂಡನ್ ಎನ್ನುತ್ತಾರೆ. ರೊಟ್ಟಿ ಬಡಿಯುವಾಗ ನಿಮ್ಮ ಕೈ ಗಮನಿಸಿ. ಅಂಗೈ ಹಿಟ್ಟಿನ ಮೇಲೆ ಬೀಳುತ್ತದೆ, ಬೆರಳುಗಳು ಮೇಲಕ್ಕೇ ಎದ್ದಿರುತ್ತವೆ. ಹಾಗೆ ಎತ್ತಿ ಹಿಡಿದಿರುವುದು ಇದೇ ಸ್ನಾಯುಗಳು. ಒಂದು ರೊಟ್ಟಿಗೆ ಎಷ್ಟು ಏಟು ಎಂದು ಎಣಿಸಿ, 120ರಿಂದ ಗುಣಿಸಿ. ಅದರ ಮೇಲೆ ಬಿಸಿನೀರು ಹಾಕಿ ಹಿಟ್ಟು ನಾದುವುದು, ಹಂಚು ಎತ್ತಿಡುವುದು ಬೇರೆ.

ಹಿಂದೆ ಇದನ್ನು ಉರಿಯೂತ ಎಂದೇ ತಿಳಿದಿದ್ದರು. ಹಳೆಯ ನೋವಿನ ನಾರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉರಿಯೂತ ಅಷ್ಟಾಗಿ ಕಾಣಲಿಲ್ಲ. ಕಂಡದ್ದು ಬಾವಿ ಹಗ್ಗದ ಹಾಗೆ ಜೂಲು ಎದ್ದ ಎಳೆಗಳು. ಹಗ್ಗ ತಾನಾಗಿ ಹೊಸೆದುಕೊಳ್ಳುವುದಿಲ್ಲ, ನಾರು ಹೊಸೆದುಕೊಳ್ಳುತ್ತದೆ. ಆದರೆ ಅದಕ್ಕೆ ಎಳೆತ ಬೇಕು. ನೀವು ಮೂರು ವಾರ ಸುಮ್ನೆ ಕೂತಾಗ ನೋವು ಇಳಿಯಿತು, ನಾರು ಮಾತ್ರ ಇನ್ನಷ್ಟು ಬಡವಾಯಿತು. ನಾಲ್ಕನೇ ವಾರ ಅದರ ಮೇಲೆ ಒಮ್ಮೆಗೇ 120 ರೊಟ್ಟಿ ಬಿತ್ತು. ಎರಡು ಕೆಜಿ ಡಂಬೆಲ್ ಮಾಡಿದ್ದೂ ಅದನ್ನೇ. ವ್ಯಾಯಾಮ ತಪ್ಪಲ್ಲ, ಅಳತೆ ತಪ್ಪು.

ಇನ್ನೊಂದು ಇಂಜೆಕ್ಷನ್ ನನ್ನ ಮಟ್ಟಿಗೆ ಬೇಡ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 165 ಜನರ ಮೇಲೆ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಸ್ಟೀರಾಯ್ಡ್ ಚುಚ್ಚಿಸಿಕೊಂಡವರಲ್ಲಿ ವರ್ಷದೊಳಗೆ ನೂರಕ್ಕೆ 54 ಮಂದಿಗೆ ನೋವು ಮರುಕಳಿಸಿತ್ತು. ಬರಿ ಉಪ್ಪುನೀರಿನ ಚುಚ್ಚುಮದ್ದು ಪಡೆದವರಲ್ಲಿ 12 ಮಂದಿಗೆ ಮಾತ್ರ. ನಿಮ್ಮ ಕತೆಯೂ ಅದೇ ಅಲ್ವಾ?

ಈಗ ಕೆಲಸಕ್ಕೆ ಬರೋಣ. ಮೊದಲ ಎರಡು ವಾರ ಭಾರ ಬೇಡವೇ ಬೇಡ. ಮುಂಗೈಯನ್ನು ಮೇಜಿನ ಮೇಲೆ ಚಾಚಿಡಿ, ಅಂಗೈ ಕೆಳಗೆ. ಎಡಗೈಯನ್ನು ಬಲಗೈಯ ಹಿಂಬದಿಗೆ ಇಟ್ಟು ಒತ್ತಿ. ಬಲಗೈ ಮೇಲೇಳಲು ನೋಡಲಿ, ಎಡಗೈ ಬಿಡದಿರಲಿ. ಅರ್ಧ ಬಲ ಸಾಕು. 30 ಸೆಕೆಂಡು ಹಿಡಿಯಿರಿ, ಒಂದು ನಿಮಿಷ ಬಿಡಿ. ಹೀಗೆ ಐದು ಸಲ, ದಿನಕ್ಕೊಮ್ಮೆ. ‘ಇಷ್ಟೇನಾ?’ ಅನ್ನಿಸುತ್ತದೆ. ಹೌದು, ಇಷ್ಟೇ.

ಮೂರನೇ ವಾರ ಅಕ್ಕಿ ಚೀಲ ತೆಗೆಯಿರಿ. ಮುಂಗೈ ಮೇಜಿನ ಮೇಲೆ, ಹಸ್ತ ಮಾತ್ರ ಅಂಚಿನಿಂದಾಚೆ. ಚೀಲದ ಹಿಡಿಯನ್ನು ಕೈಯಲ್ಲಿ ಹಿಡಿಯಬೇಡಿ, ಕೈಯ ಹಿಂಬದಿಗೆ ನೇತುಹಾಕಿ. ಬಿಗಿಯಾಗಿ ಹಿಡಿಯುವುದೇ ನಿಮಗೆ ಈಗ ದೊಡ್ಡ ನೋವು, ಅದಕ್ಕೇ ಈ ಉಪಾಯ. ಎಡಗೈಯಿಂದ ಬಲ ಹಸ್ತವನ್ನು ಮೇಲಕ್ಕೆ ಎತ್ತಿಕೊಡಿ. ಆಮೇಲೆ ಎಡಗೈ ಬಿಟ್ಟು, ಮನಸ್ಸಿನಲ್ಲಿ ಐದು ಎಣಿಸುತ್ತ ನಿಧಾನ ಇಳಿಸಿ. ಇಳಿಸುವುದರಲ್ಲೇ ಇದೆ ಮದ್ದು. ಹತ್ತು ಸಲದಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಹತ್ತು ಹಗುರವಾದರೆ ಹದಿನೈದು. ಹದಿನೈದೂ ಒಂದು ವಾರ ಆರಾಮಾಗಿ ಆದರೆ ಇನ್ನೊಂದು ಕಾಲು ಕೆಜಿ ಅಕ್ಕಿ. ಒಂದು ಕೆಜಿ ಮುಟ್ಟಲು ಎರಡು ತಿಂಗಳಾದರೂ ಆಗಲಿ. ಆಮೇಲೆ ಅದನ್ನೇ ಮೊಣಕೈ ನೇರ ಮಾಡಿ ಮಾಡಬೇಕು. ಒದ್ದೆ ಟವೆಲ್ ಹಿಂಡುವುದನ್ನೂ ಆಗ ಸೇರಿಸಬಹುದು.

ನೋವು ಪೂರ್ತಿ ಇಲ್ಲದಿರಲಿ ಎಂದು ಕಾಯಬೇಡಿ. ಹತ್ತಕ್ಕೆ ಮೂರರಷ್ಟು ನೋವಿದ್ದರೆ ನಡೆಯುತ್ತದೆ. ತೀರ್ಪು ಮರುದಿನ ಬೆಳಿಗ್ಗೆ. ಎದ್ದ ತಕ್ಷಣ ತುಂಬಿದ ತಂಬಿಗೆಯನ್ನು ಕೈ ಚಾಚಿ ಎತ್ತಿ ನೋಡಿ. ನಿನ್ನೆಯಷ್ಟೇ ನೋವೋ, ಮುಂದುವರಿಸಿ. ನಿನ್ನೆಗಿಂತ ಜಾಸ್ತಿಯೋ, ಭಾರ ಇಳಿಸಿ, ನಿಲ್ಲಿಸಬೇಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಹತ್ತಕ್ಕೆ ಎಷ್ಟು ಎಂದು ಬರೆದಿಡಿ. ಒಂದೆರಡು ದಿನ ಕೆಟ್ಟರೆ ಎದೆಗುಂದಬೇಡಿ. ನಾನಂತೂ ಐದನೇ ವಾರ ‘ಇನ್ನೇನು ವಾಸಿಯಾಯಿತು’ ಎಂದು ಉಳಿದಿದ್ದ ಗೇಟಿಗೂ ಪೇಂಟ್ ಹೊಡೆದೆ. ಹತ್ತು ದಿನ ಹಿಂದಕ್ಕೆ ಹೋದೆ. ಪೂರ್ತಿ ಸರಿಯಾಗಲು ನಾಲ್ಕು ತಿಂಗಳು ಹಿಡಿಯಿತು.

ರೊಟ್ಟಿಯನ್ನೂ ಅಕ್ಕಿಯ ಹಾಗೆಯೇ ಅಳೆಯಿರಿ. ಕೆಲಸ ಬಿಡಿ ಎಂದರೆ ಹೊಟ್ಟೆಪಾಡು ಏನಾಗಬೇಕು? ಈಗ ಎಷ್ಟು ಬಡಿದರೆ ಬೆಳಗಿನ ತಂಬಿಗೆ ದೂರು ಹೇಳುವುದಿಲ್ಲವೋ ಅಷ್ಟರಿಂದ ಶುರು ಮಾಡಿ. 40 ಇರಲಿ. ವಾರಕ್ಕೆ ಹತ್ತರಂತೆ ಏರಿಸಿ. ಒಂದೇ ಸಮನೆ ಬೇಡ, 20 ಆದ ಮೇಲೆ ಹತ್ತು ನಿಮಿಷ ಕೈ ಬಿಡಿ. ನಾದುವ ಕೆಲಸ ಕೆಲವು ವಾರ ಮಗನಿಗೆ ಕೊಡಿ. ಡಂಬೆಲ್ ಎತ್ತುವವನು ಹಿಟ್ಟು ನಾದಲಾರನೇ? ಹಂಚು ಎತ್ತುವಾಗ ಎರಡೂ ಕೈ ಬಳಸಿ, ಮೊಣಕೈ ಮೈಗೆ ಹತ್ತಿರ ಇರಲಿ. ಕೊಡ, ಚೀಲ ಎತ್ತುವಾಗ ಅಂಗೈ ಮೇಲ್ಮುಖ ಇದ್ದರೆ ಈ ಸ್ನಾಯುಗಳಿಗೆ ಭಾರ ಕಡಿಮೆ.

ಬೆರಳು ಜೋಮು ಹಿಡಿಯುತ್ತಿದ್ದರೆ, ಕುತ್ತಿಗೆಯಿಂದ ನೋವು ಇಳಿದು ಬರುತ್ತಿದ್ದರೆ, ಮೊಣಕೈ ಊದಿ ಬಿಸಿಯಾಗಿದ್ದರೆ ಇದು ಬೇರೆ ತೊಂದರೆ ಇರಬಹುದು. ಆಗ ಅಕ್ಕಿ ಚೀಲ ಬದಿಗಿಟ್ಟು ಡಾಕ್ಟರಿಗೆ ತೋರಿಸಿ.

ಪ್ರಶ್ನೆ: 42 ವರ್ಷ, ಶಟಲ್ ಆಡುತ್ತೇನೆ. ಆರು ವಾರದಿಂದ ಟೆನಿಸ್ ಎಲ್ಬೋ. ಸಚಿನ್‌ಗೇ ಆಪರೇಷನ್ ಆಗಿತ್ತಲ್ವಾ, ನಾನೂ ಮಾಡಿಸಿಕೊಂಡು ಮುಗಿಸಲಾ? ಅಲ್ಲಿಯವರೆಗೆ ಬೆಲ್ಟ್ ಹಾಕಬಹುದೇ?
– ಓದುಗರು, ತುಮಕೂರು

ಉತ್ತರ: ಸಚಿನ್ ತೆಂಡೂಲ್ಕರ್‌ಗೆ 2004ರಲ್ಲಿ ನೋವು ಕಾಡಿತು, ಆಪರೇಷನ್ ಆದದ್ದು 2005ರ ಮೇ ತಿಂಗಳಲ್ಲಿ, ಲಂಡನ್ನಿನಲ್ಲಿ. ಅವರು ಒನ್‌ಡೇಗೆ ಮರಳಿದ್ದು ಅಕ್ಟೋಬರಿನಲ್ಲಿ, ನಾಗಪುರದಲ್ಲಿ ಶ್ರೀಲಂಕಾ ವಿರುದ್ಧ. 93 ಹೊಡೆದರು, ನಿಜ. ಆದರೆ ನಡುವಿನ ಐದು ತಿಂಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಆಪರೇಷನ್ ಮಾಡಿಸಿಕೊಂಡವರೂ ಕೊನೆಗೆ ಇದೇ ವ್ಯಾಯಾಮಕ್ಕೇ ಬರಬೇಕು. ಆರು ತಿಂಗಳಿಂದ ಒಂದು ವರ್ಷ ಸರಿಯಾಗಿ ಮಾಡಿಯೂ ಬಗ್ಗದ ನೋವಿಗೆ ಮಾತ್ರ ಆ ಮಾತು. ನಿಮ್ಮದು ಆರೇ ವಾರ.

ಬೆಲ್ಟ್ ಹಾಕಿ, ಆದರೆ ನೋಯುವ ಗುಬ್ಬಿಯ ಮೇಲಲ್ಲ. ಅಲ್ಲಿಂದ ಎರಡು ಬೆರಳು ಕೆಳಗೆ, ಮುಂಗೈಯ ಮಾಂಸದ ಮೇಲೆ. ಆಡುವಾಗ ಮಾತ್ರ, ಮಲಗುವಾಗ ಬೇಡ. ಮೇಲೆ ಹಾವೇರಿಯವರಿಗೆ ಬರೆದ ಅಕ್ಕಿ ಚೀಲದ ಲೆಕ್ಕ ನಿಮಗೂ ಅದೇ. ಎರಡು ವಾರ ಬ್ಯಾಕ್‌ಹ್ಯಾಂಡ್ ಸ್ಮ್ಯಾಶ್ ಬಿಟ್ಟು ಆಡಿ. ಗೆಳೆಯರು ಆಡಿಕೊಂಡರೆ ನನ್ನ ಹೆಸರು ಹೇಳಿ.